ಓಗೊಡುವ ತನಕ ಕೂಗುವ ಬಾಗಿಲಕ್ಕ

ಬಸ್ ನಿಲ್ದಾಣದ ಹಿಂಬದಿಗೆ ಇನ್ನೂ ಸರಿಯಾಗಿ ಬೆಳಕು ಬಂದಿಲ್ಲ. ಗಂಡಸರ ಶೌಚಾಲಯದಲ್ಲಿ ಸಾಲಾಗಿ ಏಳು ಬಾಗಿಲುಗಳಿವೆ. ಮೂರು ತೆರೆದಿವೆ, ನಾಲ್ಕು ಮುಚ್ಚಿವೆ. ಟ್ಯೂಬ್‌ಲೈಟು ಹೊತ್ತಿಕೊಳ್ಳಲೋ ಬೇಡವೋ ಎಂದು ಮಿಣುಕುತ್ತಿದೆ. ಮುಚ್ಚಿದ ಬಾಗಿಲುಗಳ ಕೆಳಗಿನ ಸಂದಿಯಲ್ಲಿ ಒಂದೊಂದು ಜೊತೆ ಪಾದ ಕಾಣುತ್ತಿದೆ. ಬೆಳಕು ಮಿಣುಕಿದಾಗ ಇರುತ್ತವೆ, ಆರಿದಾಗ ಇರುವುದಿಲ್ಲ. ಅವುಗಳ ಮೇಲೆ ಮನುಷ್ಯರಿದ್ದಾರೆ ಎಂದು ನಂಬಿಕೊಳ್ಳಬೇಕು, ಅಷ್ಟೇ.

ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಬಾಗಿಲಕ್ಕ ದನಿ ಎತ್ತುತ್ತಾರೆ.

"ನಾಲ್ಕನೇ ಬಾಗಿಲು, ಇದ್ದೀಯೇನಪ್ಪಾ?"

"ಇದ್ದೀನಕ್ಕಾ."

"ರಾತ್ರಿ ಏನು ತಿಂದೆ?"

"ಬನ್ನು."

"ಬರೀ ಬನ್ನಾ? ಆರನೇ ಬಾಗಿಲು, ನೀನು?"

"ಬೈಗುಳ."

"ಅದನ್ನ ದಿನಾ ತಿಂತೀಯ. ಹೊಟ್ಟೆಗೇನು ಹಾಕ್ಕೊಂಡೆ ಅದನ್ನ ಹೇಳು."

ಯಾವುದೋ ಬಾಗಿಲ ಹಿಂದೆ ಯಾರೋ ನಗುತ್ತಾರೆ. ಯಾರೆಂದು ತಿಳಿಯುವುದಿಲ್ಲ. ಬಾಗಿಲಕ್ಕ ಮತ್ತೆ ಕೋಲು ಎತ್ತಿಕೊಂಡು ನೆಲ ಒರೆಸತೊಡಗುತ್ತಾರೆ. ನೆಲದ ಅರ್ಧ ಮುಗಿಯುವಷ್ಟರಲ್ಲಿ ಮತ್ತೆ ಕೂಗುತ್ತಾರೆ.

ಕಾಣದವರು ಹೆಸರು ಹಿಡಿದು ಕರೆದರೆ ಓಗೊಡಬೇಡ, ಓಗೊಟ್ಟೆಯೋ ಅವರ ಹಿಂದೆಯೇ ಹೋಗಿಬಿಡುತ್ತೀಯ ಎಂದು ನನ್ನ ಅಜ್ಜಿ ಕಥೆಯ ನಡುವೆ ತಡೆದು ಎಚ್ಚರಿಸುತ್ತಿದ್ದರು. ಬಾಗಿಲಕ್ಕನ ಬಗ್ಗೆ ಬರೆಯಲೆಂದು ನಾನು ಬಂದು ನಿಂತಿರುವ ಈ ಏಳು ಬಾಗಿಲುಗಳ ಮುಂದೆ ಆ ಮಾತು ತಲೆಕೆಳಗಾಗಿದೆ. ಇಲ್ಲಿ ಓಗೊಡದವರೇ ಹೋಗಿಬಿಡುತ್ತಾರೆ.

ಬೆಳಗಿನ ಮೊದಲ ಬಸ್ಸಿನಿಂದ ಮಧ್ಯಾಹ್ನ ಎರಡರವರೆಗೆ ಈ ಶೌಚಾಲಯ ತೊಳೆಯುವುದು ಬಾಗಿಲಕ್ಕನ ಕೆಲಸ. ಕೂಗುವುದು ಅವರೇ ಮೈಮೇಲೆ ಹಾಕಿಕೊಂಡದ್ದು. ಅಮಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸೂಜಿಯಲ್ಲಿ ಏರಿಸಿಕೊಳ್ಳುವವರಿಗೆ ಚಿಲಕವಿರುವ ಬಾಗಿಲು ಬೇಕು. ಮನೆಯಲ್ಲಿ ಅದು ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ. ಪುಡಿ ಹೆಚ್ಚಾದರೆ ಮೊದಲು ಮಾತು ನಿಲ್ಲುತ್ತದೆ, ಆಮೇಲೆ ಉಸಿರು. ಆ ಎರಡರ ನಡುವಿನ ಸ್ವಲ್ಪ ಹೊತ್ತು ಮಾತ್ರ ಬಾಗಿಲಕ್ಕನದು. ಚಿಲಕವನ್ನು ಹೊರಗಿನಿಂದ ತಿರುಗಿಸಲು ಒಂದು ಸ್ಪ್ಯಾನರನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಾರೆ. ಸೆರಗಿನ ಗಂಟಿನಲ್ಲಿ, ಅಮಲು ಇಳಿಸಿ ಉಸಿರು ಮರಳಿಸಲು ಮೂಗಿಗೆ ಚಿಮ್ಮಿಸುವ ಔಷಧಿ ಇದೆ. ಆರೋಗ್ಯ ಕೇಂದ್ರದ ನರ್ಸಮ್ಮ ಅದನ್ನು ಕೊಟ್ಟು, ತಲೆ ಹೇಗೆ ಹಿಂದಕ್ಕೆ ಬಾಗಿಸಬೇಕು, ಆಂಬುಲೆನ್ಸ್ ಬರುವ ತನಕ ಹೇಗೆ ಉಸಿರು ಕೊಡಬೇಕು ಎಂದು ಕಲಿಸಿದ್ದಾರೆ.

ಬದುಕಿಕೊಂಡವರು ಏನನ್ನುತ್ತಾರೆ ಎಂದು ಕೇಳಿದರೆ ಬಾಗಿಲಕ್ಕ ನಗುತ್ತಾರೆ. "ಬೈತಾರೆ. ಏರಿದ್ದೆಲ್ಲ ಇಳಿಸಿಬಿಟ್ಟೆ, ದುಡ್ಡು ಹಾಳು ಮಾಡ್ದೆ ಅಂತಾರೆ. ಬೈಯೋಕೆ ಉಸಿರಿದೆಯಲ್ಲ ಅಂದ್ಕೊಂಡು ಸುಮ್ಮನಾಗ್ತೀನಿ."

ಇಲ್ಲಿಗೆ ಬರುವ ಮೊದಲು ಅವರು ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹೆಣ್ಣುಮಕ್ಕಳಿಬ್ಬರೂ ಶಾಲೆಗೆ ಸೇರಿದಾಗ, ಮಧ್ಯಾಹ್ನಕ್ಕೆ ಮನೆ ಸೇರಬಹುದಲ್ಲ ಎಂದು ಈ ಕೆಲಸ ಹಿಡಿದರು. ಜೊತೆಗೆ ಇನ್ನೊಬ್ಬ ಹೆಂಗಸಿದ್ದರು. ಕಸದ ಬುಟ್ಟಿಗೆ ಕೈಹಾಕಿದಾಗ ಆಕೆಯ ಬೆರಳಿಗೆ ಸೂಜಿ ಚುಚ್ಚಿತು. ಕೆಲವು ತಿಂಗಳಲ್ಲಿ ಯಕೃತ್ತು ಕೆಟ್ಟು, ಕಣ್ಣು ಹಳದಿಯಾಗಿ ಕೆಲಸ ಬಿಟ್ಟರು. ಅಂದಿನಿಂದ ಬಾಗಿಲಕ್ಕ ಬುಟ್ಟಿಗೆ ಇಕ್ಕುಳ ಹಾಕುತ್ತಾರೆ, ಕೈ ಹಾಕುವುದಿಲ್ಲ. ಸೂಜಿಗಳೆಲ್ಲ ಮುಚ್ಚಳವಿರುವ ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ಹೋಗುತ್ತವೆ. ಎಷ್ಟಿರಬಹುದು? "ಎಣಿಸಿಲ್ಲ. ಮೊದಲು ಡಬ್ಬಿ ತುಂಬೋಕೆ ವಾರ ಬೇಕಾಗ್ತಿತ್ತು. ಈಗ ಮೂರನೇ ದಿನಕ್ಕೆ ಮುಚ್ಚಳ ಕೂರಲ್ಲ."

ಒಳಗಿರುವವರ ಮುಖ ಅವರಿಗೆ ಹೆಚ್ಚು ಪರಿಚಯವಿಲ್ಲ. ಕಿತ್ತ ಬೂಟು, ಬಿಳಿ ಹಿಮ್ಮಡಿ, ಹಸಿರು ಚಪ್ಪಲಿ ಎಂದು ಪಾದ ನೋಡಿಯೇ ಹೆಸರಿಡುತ್ತಾರೆ. "ಬೀದೀಲಿ ಎದುರಿಗೆ ಬಂದ್ರೂ ಗುರುತು ಸಿಗಲ್ಲ. ಬಸ್ಸಲ್ಲಿ ಹಿಂದಿನ ಸೀಟಿಂದ ಯಾರಾದ್ರೂ ಕೆಮ್ಮಿದ್ರೆ, ಅಯ್ಯೋ ಇದು ಏಳನೇ ಬಾಗಿಲಲ್ವಾ ಅನಿಸುತ್ತೆ. ತಿರುಗಿ ನೋಡಲ್ಲ ಕಣಮ್ಮ. ನೋಡಿದ್ರೆ ಪಾಪ, ಅವರಿಗೆ ಮುಜುಗರ."

ಹಸಿರು ಚಪ್ಪಲಿಯ ವಿಷಯ ಕೇಳಿದಾಗ ಅವರು ಕೋಲು ಕೆಳಗಿಡುತ್ತಾರೆ. ಚಿಕ್ಕ ವಯಸ್ಸಿನ ಹುಡುಗ. ಕೂಗಿದರೆ ಸಿಡುಕುತ್ತಿದ್ದ, ಸ್ವಲ್ಪ ನೆಮ್ಮದಿ ಕೊಡಕ್ಕಾ ಎನ್ನುತ್ತಿದ್ದ. ಒಂದು ದಿನ ಉಪಾಯ ಹುಡುಕಿದ. ಮೊಬೈಲಿನಲ್ಲಿ ತನ್ನ ದನಿ ತುಂಬಿಸಿ, ಬಿಟ್ಟು ಬಿಟ್ಟು ಕೇಳುವ ಹಾಗೆ ಮಾಡಿ, ನೀರಿನ ತೊಟ್ಟಿಯ ಮೇಲಿಟ್ಟುಕೊಂಡ.

"ನಾನು ಕೂಗ್ದೆ. 'ಇದ್ದೀನಕ್ಕಾ, ಇದ್ದೀನಿ' ಅಂದ. ಸ್ವಲ್ಪ ತಡ ಆಯ್ತು. ಅಮಲಲ್ಲಿದ್ದಾನೆ, ತಡ ಆಗುತ್ತೆ ಅಂದ್ಕೊಂಡೆ. ಮತ್ತೆ ಕೂಗ್ದೆ, ಮತ್ತೆ ಅಂದ. ಆಮೇಲೆ ನಾನು ಬಟ್ಟೆ ಹಿಂಡ್ತಾ ಕೂತಿದ್ದೆ. ಬಾಯಿ ತೆಗೆದಿರಲಿಲ್ಲ. ಒಳಗಿಂದ, 'ಇದ್ದೀನಕ್ಕಾ, ಇದ್ದೀನಿ.' ಕೂಗದೇನೇ ಓಗೊಟ್ಟ ಕಣಮ್ಮ. ಕೈಯಲ್ಲಿದ್ದ ಬಟ್ಟೆ ಬಿದ್ದುಹೋಯ್ತು."

ಚಿಲಕ ತಿರುಗಿಸಿ ತೆರೆದಾಗ ಅವನ ತುಟಿ ನೀಲಿಯಾಗಿತ್ತು. ಔಷಧಿ ಚಿಮ್ಮಿಸಿದರು, ಉಸಿರು ಕೊಟ್ಟರು. ಫೋನು ಮಾತ್ರ ಬಿಡದೆ ಹೇಳುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ಹೇಗೆಂದು ಅವರಿಗೆ ತಿಳಿದಿರಲಿಲ್ಲ. ಆಂಬುಲೆನ್ಸಿನವರು ಬಂದು ಅವನನ್ನು ನೋಡಿ ತಲೆಯಾಡಿಸಿ, ಆಮೇಲೆ ಅದನ್ನು ನಿಲ್ಲಿಸಿದರು.

ಕೆಲವು ವಾರದ ನಂತರ ಅವನ ತಾಯಿ ಬಂದರಂತೆ. ಕೈಯಲ್ಲಿ ಆ ಫೋನಿತ್ತು. "ಮನೇಲಿ ಕೇಳಿದ್ರೆ ಆಗಲ್ವಂತೆ. ಇಲ್ಲೇ ನಿಂತು ಕೇಳಬೇಕು, ನಾನು ಕೂಗಬೇಕು ಅಂದ್ರು. ಹೆತ್ತವಳು, ಹೇಗೆ ಇಲ್ಲ ಅನ್ನಲಿ? ಕೂಗ್ದೆ. ಅವನು ಅಂದ. ಆಯಮ್ಮ ಬಾಗಿಲಿಗೆ ಕಿವಿ ಇಟ್ಕೊಂಡು ನಿಂತಿದ್ರು, ಫೋನು ತನ್ನ ಕೈಯಲ್ಲೇ ಇದೆ ಅನ್ನೋದನ್ನ ಮರೆತು."

ಅಂದಿನಿಂದ ಬಾಗಿಲಕ್ಕ 'ಇದ್ದೀಯಾ' ಎಂದಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಏನು ತಿಂದೆ, ಹೊರಗೆ ಮೋಡವಿತ್ತೇ, ತಂಗಿಯ ಪರೀಕ್ಷೆ ಮುಗಿಯಿತೇ ಎಂದು ಫೋನು ಉತ್ತರಿಸಲಾರದ ಪ್ರಶ್ನೆಗಳನ್ನೇ ಕೇಳುತ್ತಾರೆ.

ಆ ಪ್ರಶ್ನೆಗಳೇ ಈಗ ಕುತ್ತಿಗೆಗೆ ಬಂದಿವೆ. ನೆಮ್ಮದಿಯಾಗಿ ಕೂರಲು ಬಿಡುವುದಿಲ್ಲ ಎಂದು ಪ್ರಯಾಣಿಕರು ದೂರು ಕೊಟ್ಟಿದ್ದಾರೆ. ಇನ್ನು ಕೂಗಬಾರದು ಎಂದು ಹೇಳಿಹೋಗಲು ಸೂಪರ್‌ವೈಸರ್ ಇವತ್ತು ಬರುತ್ತಾರೆ. ಮಧ್ಯಾಹ್ನದ ಪಾಳಿಯವನು ಹೇಗೂ ಕೂಗುವುದಿಲ್ಲ. ಇನ್ನು ಬೆಳಗ್ಗೆಯೂ ದನಿ ನಿಲ್ಲಬಹುದು.

ಹತ್ತರ ಹೊತ್ತಿಗೆ ಸೂಪರ್‌ವೈಸರ್ ಮೂಗಿಗೆ ಕರ್ಚೀಫು ಹಿಡಿದು ಒಳಗೆ ಬರುತ್ತಾರೆ.

"ಏನಕ್ಕಾ ಇದು? ಇದು ಶೌಚಾಲಯ, ಶಾಲೆ ಅಲ್ಲ, ಹಾಜರಿ ಕರೆಯೋಕೆ."

"ಇದೂ ಹಾಜರಿಯೇ ಸರ್."

"ಊಟ ಆಯ್ತಾ ಅಂತ ಬೇರೆ ಕೇಳ್ತೀರಂತೆ. ಎಂಥಾ ಜಾಗದಲ್ಲಿ ಎಂಥಾ ಪ್ರಶ್ನೆ! ನೋಡಿ, ಇವತ್ತಿಂದ ಕೂಗೋ ಹಾಗಿಲ್ಲ. ಕೂಗ್ತೀನಿ ಅಂದ್ರೆ ನಿಮ್ಮ ಜಾಗಕ್ಕೆ ಬೇರೆಯವರು ಬರ್ತಾರೆ."

ಬಾಗಿಲಕ್ಕ ಒದ್ದೆ ಬಟ್ಟೆ ಹಿಂಡಿ ಕೋಲಿಗೆ ಸುತ್ತುತ್ತಾರೆ.

"ಕೂಗಲಿ ಬಿಡಿ ಸರ್."

ಸೂಪರ್‌ವೈಸರ್ ಗಕ್ಕನೆ ತಿರುಗುತ್ತಾರೆ. ಎದುರಿಗೆ ಮುಚ್ಚಿದ ಬಾಗಿಲುಗಳಷ್ಟೇ. "ಯಾರದು?"

"ಆರನೇ ಬಾಗಿಲು."

"ನಂದೂ ಅದೇ ಮಾತು," ಇನ್ನೊಂದು ದನಿ, ಗೋಡೆಯೊಳಗಿನಿಂದ ಬಂದಂತೆ. "ಅಕ್ಕ ಕೂಗಿದಾಗಲೇ ನಾನಿನ್ನೂ ಇದ್ದೀನಿ ಅಂತ ಗೊತ್ತಾಗೋದು."

"ಈಚೆ ಬಂದು ಮಾತಾಡ್ರಯ್ಯ," ಎನ್ನುತ್ತಾರೆ ಸೂಪರ್‌ವೈಸರ್. ಅವರ ದನಿ ತಗ್ಗಿದೆ. ಯಾರೂ ಬರುವುದಿಲ್ಲ. ಬಾಗಿಲ ಕೆಳಗಿನ ಪಾದಗಳು ಮಾತ್ರ ಒಂದಿಷ್ಟು ಹಿಂದೆ ಸರಿಯುತ್ತವೆ.

ಬಾಗಿಲಕ್ಕ ಇವರ ಮಾತು ಕೇಳುತ್ತಲೇ ಇಲ್ಲ. ತಲೆ ವಾರೆ ಮಾಡಿ ಇನ್ನೊಂದು ಕಡೆ ಕಿವಿ ಕೊಟ್ಟಿದ್ದಾರೆ. "ಎರಡನೇ ಬಾಗಿಲು ಮಾತಾಡಲಿಲ್ಲ," ಎನ್ನುತ್ತಾರೆ.

"ಎರಡನೇ ಬಾಗಿಲು, ಯಾರಪ್ಪಾ ಒಳಗೆ?"

ಸದ್ದಿಲ್ಲ. ಸಂದಿಯಲ್ಲಿ ಪಾಲಿಶ್ ಹಾಕಿದ ಕರಿ ಬೂಟುಗಳು, ಕದಲದೆ.

"ಏನು ತಿಂದೆಯಪ್ಪಾ ಬೆಳಗ್ಗೆ?"

ಸದ್ದಿಲ್ಲ. ಸ್ಪ್ಯಾನರ್ ಚಿಲಕಕ್ಕೆ ತಾಗಿ ಕಿಣಿ ಎನ್ನುತ್ತದೆ. ಕರ್ಚೀಫು ಸೂಪರ್‌ವೈಸರರ ಕೈಯಿಂದ ಜಾರಿ ಒದ್ದೆ ನೆಲಕ್ಕೆ ಬಿದ್ದಿದೆ. ಅವರು ಬಾಗಿಲಿಗೆ ಅಂಗೈ ಬಡಿದು ಕೂಗುತ್ತಾರೆ, ಬಾಗಿಲಕ್ಕನಿಗಿಂತ ಜೋರಾಗಿ: "ರೀ! ಇದ್ದೀರೇನ್ರೀ? ಮಾತಾಡ್ರೀ!"

"ಇದ್ದೀನ್ರೀ! ಹೊಟ್ಟೆ ಕೆಟ್ಟು ಕೂತಿದ್ದೀನಿ, ಬಾಯಿಗೂ ಕೆಲಸ ಕೊಡಬೇಕಾ? ನಿಮಗೆ ದೂರು ಕೊಟ್ಟವನು ನಾನೇ!"

ಉಳಿದ ಬಾಗಿಲುಗಳ ಹಿಂದೆ ನಗು ಏಳುತ್ತದೆ. ಸೂಪರ್‌ವೈಸರ್ ನಗುವುದಿಲ್ಲ. ಗೋಡೆ ಹಿಡಿದು ನಿಂತಿದ್ದಾರೆ. "ದಿನಾ ಹೀಗೇನಾ ಅಕ್ಕಾ?" ಎಂದು ಕೇಳುತ್ತಾರೆ.

"ಪ್ರತಿ ಬಾಗಿಲಿಗೂ ಹೀಗೇ ಸರ್."

ಸೂಪರ್‌ವೈಸರ್ ಮುಖ ತೊಳೆದುಕೊಂಡು ಹೊರಡುತ್ತಾರೆ. ಹೊರಬಾಗಿಲ ಬಳಿ ನಿಂತು, ನಮ್ಮ ಕಡೆ ನೋಡದೆ, "ದೂರು ನಾನು ನೋಡ್ಕೋತೀನಿ. ಕೂಗಿ," ಎನ್ನುತ್ತಾರೆ.

"ಎರಡು ಗಂಟೆ ಮೇಲೆ ಯಾರು ಕೂಗ್ತಾರೆ ಸರ್?"

ಸೂಪರ್‌ವೈಸರ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾರೆ. "ಅವನಿಗೂ ಹೇಳ್ತೀನಿ."

ಮಧ್ಯಾಹ್ನದ ಪಾಳಿಯವನು ಬಂದಾಗ ಅವನ ಮುಖ ಸಣ್ಣಗಾಗಿದೆ. "ನಾಚಿಕೆ ಆಗುತ್ತಕ್ಕಾ. ಏನಂತ ಕೂಗಲಿ?"

"ನಿನ್ನ ಹೆಂಡತಿ ನಿನ್ನ ಕೂಗಲ್ವಾ, ಹಾಗೆ."

"ಅವಳು ಕೂಗಿದ್ರೆ ನಾನು ಓಗೊಡೋದೇ ಇಲ್ವಲ್ಲ."

"ಅದಕ್ಕೇ ಅವಳು ಜೋರಾಗಿ ಕೂಗೋದು. ಅಷ್ಟು ಜೋರಾಗಿ ಕೂಗು." ಔಷಧಿಯನ್ನೂ ಸ್ಪ್ಯಾನರನ್ನೂ ಅವನ ಕೈಗೆ ಕೊಟ್ಟು, ತಲೆ ಹೇಗೆ ಬಾಗಿಸಬೇಕೆಂದು ಅವನ ತಲೆಯನ್ನೇ ಹಿಡಿದು ತೋರಿಸುತ್ತಾರೆ.

ಹೊರಗೆ ಅವರ ಬಸ್ಸು ಹಾರ್ನ್ ಹೊಡೆಯುತ್ತಿದೆ. ಬಾಗಿಲಕ್ಕ ಹತ್ತುವುದಿಲ್ಲ. ಶೌಚಾಲಯದ ಹೊರಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಬಸ್ಸು ಹೊರಟುಹೋಗುತ್ತದೆ. ಒಳಗೆ ಕೆಮ್ಮು, ಮತ್ತೆ ಮೌನ. ಆಮೇಲೆ ಹಿಂಜರಿಯುವ ಒಂದು ದನಿ: "ಐದನೇ ಬಾಗಿಲು... ಇದ್ದೀರಾ?"

ಬಾಗಿಲಕ್ಕ ಉಸಿರು ಬಿಗಿಹಿಡಿದಿದ್ದಾರೆ. ನಾನೂ.

"ಇದ್ದೀನಣ್ಣಾ. ಅಕ್ಕ ಹೋದ್ರಾ?"

ಅವರು ಸೆರಗು ಸರಿಪಡಿಸಿಕೊಂಡು ನಿಲ್ದಾಣದ ಕಡೆ ಹೆಜ್ಜೆ ಹಾಕುತ್ತಾರೆ. "ದನಿ ಇನ್ನೂ ಏಳಬೇಕು ಅವನದು," ಎನ್ನುತ್ತಾರೆ. "ಏಳುತ್ತೆ ಬಿಡು."