ಖಡಕ್ ರೊಟ್ಟಿಯ ಹದಿನಾರು ವಾರ

ಶಾಲೆಯ ಮಧ್ಯಾಹ್ನದ ಬಿಡುವು ಅರ್ಧ ತಾಸಿನದು. ಶಾಲೆಯಿಂದ ಕಟ್ಟಡ ಏಳುತ್ತಿದ್ದ ಜಾಗಕ್ಕೆ ಒಂದೂವರೆ ಕಿಲೋಮೀಟರ್. ಯಾದಗಿರಿ ಕಡೆಯಿಂದ ಮಹಾರಾಷ್ಟ್ರದ ನಗರಕ್ಕೆ ದುಡಿಯಲು ಬಂದ ಅನುಸೂಯಾಳ ಅವ್ವ ಅಲ್ಲಿ ಬುಟ್ಟಿಯಲ್ಲಿ ಮರಳು ಹೊರುತ್ತಿದ್ದಳು, ಅಪ್ಪ ಗುರಣ್ಣ ಗೋಡೆಗೆ ಗಿಲಾವು ಮಾಡುತ್ತಿದ್ದ, ಎಂಟು ತಿಂಗಳ ತಮ್ಮ ಸಿಮೆಂಟ್ ಚೀಲಗಳ ಮರೆಯಲ್ಲಿ ಸೀರೆಯ ಜೋಲಿಯೊಳಗೆ ಮಲಗಿರುತ್ತಿದ್ದ. ಕೆಲಸದ ಉಸ್ತುವಾರಿಯ ಮುಕಾದಮ ಅವ್ವನನ್ನು ಬಿಡುತ್ತಿರಲಿಲ್ಲವಾದ್ದರಿಂದ ಮಗುವಿಗೆ ಗಂಜಿ ಕುಡಿಸಿ, ತೊಳೆದು, ಮತ್ತೆ ಮಲಗಿಸುವುದು ಹತ್ತು ವರ್ಷದ ಅನುಸೂಯಾಳ ಕೆಲಸವಾಗಿತ್ತು. ನಡೆದುಹೋದರೆ ತಿರುಗಿ ಬರುವುದರೊಳಗೆ ಶಾಲೆಯ ಗಂಟೆ ಹೊಡೆದಿರುತ್ತಿತ್ತು. ಅದಕ್ಕೆ ಓಡುತ್ತಿದ್ದಳು. ರಬ್ಬರ್ ಚಪ್ಪಲಿ ಕಿತ್ತುಬಂದರೆ ಕೈಯಲ್ಲಿ ಹಿಡಿದುಕೊಂಡು ಓಡುತ್ತಿದ್ದಳು.

ಹೀಗೆ ಎರಡು ವರ್ಷ ಓಡಿದವಳನ್ನು ಆಟದ ಮಾಸ್ತರರಾದ ಅವಿನಾಶ್ ಸರ್ ಒಂದು ದಿನ ಬೇರೆ ಹುಡುಗಿಯರ ಜೊತೆ ಮೈದಾನದಲ್ಲಿ ನಿಲ್ಲಿಸಿದರು. ಅವಳು ಆರು ಸುತ್ತು ಮುಗಿಸಿದಾಗ ಉಳಿದವರು ನಾಲ್ಕನೆಯ ಸುತ್ತಿನಲ್ಲಿದ್ದರು. ಎಲ್ಲಿ ಅಭ್ಯಾಸ ಮಾಡಿದೆ ಎಂದು ಸರ್ ಮರಾಠಿಯಲ್ಲಿ ಕೇಳಿದರು. ಅಭ್ಯಾಸ ಎಂದರೆ ಪಾಠ ಓದುವುದು ಎಂದುಕೊಂಡ ಅನುಸೂಯಾ, ಮನೆಯಲ್ಲಿ ಲೈಟಿಲ್ಲ, ಅಭ್ಯಾಸ ಆಗುವುದಿಲ್ಲ ಎಂದಳು.

ವಾರ್ಡಿನ ಸ್ಪರ್ಧೆ, ನಗರದ ಸ್ಪರ್ಧೆ, ಜಿಲ್ಲೆಯ ಸ್ಪರ್ಧೆ. ಹತ್ತನೇ ತರಗತಿಯಲ್ಲಿ ಮೂರು ಸಾವಿರ ಮೀಟರ್ ಓಟಕ್ಕೆ ಸಾತಾರಾಕ್ಕೆ ಹೋಗುವ ತಂಡದಲ್ಲಿ ಅವಳ ಹೆಸರು ಬಂತು. ಸರ್ ಮತ್ತು ಅವರ ಹೆಂಡತಿ ಮೂವರು ಹುಡುಗಿಯರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಅಂದು ಸಂಜೆ ಪಕ್ಕದ ಶೆಡ್ಡಿನ ಶಿವಪ್ಪ ಯಾದಗಿರಿ ಕಡೆಯ ತಮ್ಮ ಹಳ್ಳಿಗೆ ಫೋನು ಮಾಡಿ ಊರ ಸುದ್ದಿ ಕೇಳಿದ. ಇಲ್ಲಿಯ ಸುದ್ದಿಯನ್ನೂ ಹೆಮ್ಮೆಯಿಂದ ಹೇಳಿದ. "ನಮ್ಮ ಗುರಣ್ಣನ ಮಗಳು ಸಾತಾರಾಕ ಓಡ್ಲಾಕ ಹೋಗ್ಯಾಳ." ಲೈನು ಕಟಕಟ ಅನ್ನುತ್ತಿತ್ತು. ಆ ಕಡೆ ಕೇಳಿಸಿದ್ದು "ಓಡಿ ಹೋಗ್ಯಾಳ" ಎಂದು.

ಮೂರನೆಯ ದಿನ ಅನುಸೂಯಾ ಬೆಳ್ಳಿಯ ಪದಕ ಹಾಕಿಕೊಂಡು ಶೆಡ್ಡಿಗೆ ಬಂದಾಗ ಊರಿನಿಂದ ಇಬ್ಬರು ಚಿಕ್ಕಪ್ಪಂದಿರು ಬಂದು ಕೂತಿದ್ದರು. ಪದಕ ನೋಡಿ ಅವರಿಗೆ ನಿಜ ತಿಳಿಯಿತು, ನಗು ಕೂಡ ಬಂತು. ಆದರೆ ಅವರು ಹೊರಡುವ ಮೊದಲೇ ಮಾತು ಊರಿಂದೂರಿಗೆ ಹೋಗಿ ಮುಟ್ಟಿತ್ತು. ಯಾರ ಜೊತೆ ಹೋದಳು ಎಂಬುದನ್ನೂ ಜನ ಗೊತ್ತುಮಾಡಿಬಿಟ್ಟಿದ್ದರು. ಗುರಣ್ಣ ಮಗಳನ್ನು ಬೈಯಲಿಲ್ಲ. ಪದಕವನ್ನು ತಿರುಗಿಸಿ ತಿರುಗಿಸಿ ನೋಡಿ, "ಮಂದಿಗಿ ಎಷ್ಟಂತ ತಿಳಿಸಿ ಹೇಳ್ಲವ್ವ" ಎಂದ. ಅಲ್ಲಿಗೆ ಓಟ ನಿಂತಿತು.

ಹತ್ತೊಂಬತ್ತರ ವಯಸ್ಸಿಗೆ ಅವಳನ್ನು ನೋಡಲು ಬಂದವರಲ್ಲಿ ಸಾಬವ್ವನೂ ಒಬ್ಬಳು. ಪರ್ವತಿ ಗುಡ್ಡದ ಕೆಳಗಿನ ಕೂಲಿಕಾರರ ವಸ್ತಿಯಲ್ಲಿ ಮನೆ, ಒಬ್ಬನೇ ಮಗ ಕಿಶೋರ, ರಾಂಜಣಗಾಂವದ ಕಾರ್ಖಾನೆಯಲ್ಲಿ ಪ್ರೆಸ್ ಮಿಷಿನ್ ಮೇಲೆ ಕೆಲಸ. ಚಹಾ ಕೊಟ್ಟು ತಲೆ ತಗ್ಗಿಸಿ ಕೂತ ಹುಡುಗಿಯನ್ನು ಸಾಬವ್ವ ನೇರವಾಗಿ ಕೇಳಿದಳು.

"ಓಡಿ ಹೋಗಿದ್ದಿ ಅಂತಲ್ಲಬೇ, ಮತ್ತ ಯಾಕ ತಿರುಗಿ ಬಂದಿ?"

"ಎರಡನೇ ನಂಬರ್ ಬಂತ್ರಿ, ಅದಕ್ಕ ಬಂದೆ."

ಸಾಬವ್ವ ಚಹಾ ನೆತ್ತಿಗೇರುವಷ್ಟು ನಕ್ಕಳು. ಮದುವೆ ಗೊತ್ತಾಯಿತು.

ಆಮೇಲಿನ ಹನ್ನೆರಡು ವರ್ಷ ಹೇಳುವುದಕ್ಕೆ ಸುಲಭ, ಯಾಕೆಂದರೆ ಎಲ್ಲ ದಿನವೂ ಒಂದೇ. ನಾಲ್ಕಕ್ಕೆ ಏಳುವುದು, ಹದಿನೈದು ರೊಟ್ಟಿ ಬಡಿಯುವುದು, ಪಲ್ಯ ಮಾಡಿ ಕಿಶೋರನ ಡಬ್ಬಿ ಕಟ್ಟುವುದು; ಐದಕ್ಕೆ ನಳ ಬಂದರೆ ನೀರು ತುಂಬುವುದು; ಐದೂಮುಕ್ಕಾಲಕ್ಕೆ ಅವನ ಕಂಪನಿಯ ಬಸ್ಸು; ಮಗಳು ಸಾಯಲಿಯ ಜಡೆ, ಶಾಲೆ; ಎಂಟಕ್ಕೆ ಸದಾಶಿವ ಪೇಠದ ಎರಡು ಮನೆಗಳಲ್ಲಿ ಅಡಿಗೆ; ಮಧ್ಯಾಹ್ನ ತನ್ನ ಮನೆಯ ಪಾತ್ರೆ ಬಟ್ಟೆ; ಸಂಜೆ ಮತ್ತೆ ಒಲೆ. ಈ ಕೆಲಸಗಳ ನಡುವಿನ ದಾರಿಯಲ್ಲಿ ಮಾತ್ರ ಅವಳ ಕಾಲು ತನ್ನ ಇಷ್ಟದಂತೆ ನಡೆಯುತ್ತಿತ್ತು. ಸ್ಕೂಟರುಗಳ ನಡುವೆ ನುಸುಳಿ ಹೋಗುವ ಅವಳಿಗೆ ರಿಕ್ಷಾದವರು ಕೂಡ ದಾರಿ ಬಿಡುತ್ತಿದ್ದರು.

ಅಡಿಗೆಯ ಒಂದು ಮನೆ ವರದಾ ಅವರದು. ಧಾರವಾಡದ ಕಡೆಯವರು, ಪೇಠದಲ್ಲೇ ಹತ್ತನೇ ತರಗತಿಯ ಮಕ್ಕಳಿಗೆ ಗಣಿತದ ಕ್ಲಾಸು ನಡೆಸುತ್ತಿದ್ದರು. ನಲವತ್ತರ ನಂತರ ಓಡಲು ಕಲಿತಿದ್ದರು. ಬೆಳಿಗ್ಗೆ ತಳಜಾಯಿ ಗುಡ್ಡದಿಂದ ಬೆವರುತ್ತ ಬಂದು, ಅನುಸೂಯಾ ಮಾಡಿಟ್ಟ ಉಪ್ಪಿಟ್ಟು ತಿನ್ನುತ್ತ, ಓಟ ಶುರುಮಾಡಿದಾಗಿನಿಂದ ತಮಗಾಗಿ ಒಂದಿಷ್ಟು ಸಮಯ ಸಿಕ್ಕಿದೆ ಎನ್ನುತ್ತಿದ್ದರು. ಆ ಸಮಯ ಯಾರ ಕೈಯಿಂದ ಬಂದದ್ದೆಂದು ಅವರು ಕೇಳಿಕೊಂಡಿರಲಿಲ್ಲ. ಒಂದು ದಿನ ಫೋನಿನಲ್ಲಿ ಅವರು ಅವಿನಾಶ್ ಸರ್ ಎಂಬ ಹೆಸರು ಹೇಳಿದ್ದು ಕೇಳಿ ಅನುಸೂಯಾ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದಳು. ಯಾವ ಶಾಲೆಯವರು ಎಂದು ಕೇಳಿದಳು. ಅದೇ ಸರ್. ನಿವೃತ್ತರಾಗಿ ಓಟಗಾರರ ಗುಂಪೊಂದಕ್ಕೆ ತರಬೇತಿ ಕೊಡುತ್ತಿದ್ದರು.

ಮುಂದಿನ ಭಾನುವಾರ ವರದಾ ಅವರ ಹಳೆಯ ಬೂಟು ಹಾಕಿಕೊಂಡು ಅನುಸೂಯಾ ತಳಜಾಯಿ ಹತ್ತಿದಳು. ಸರ್‌ಗೆ ಅವಳ ಮುಖ ನೆನಪಿರಲಿಲ್ಲ. ಅವಳು ಗುಂಪಿನ ಹಿಂದೆ ಓಡಲು ಶುರುಮಾಡಿದ ಮೇಲೆ, ಎಡ ಮೊಣಕೈ ಹೊರಗೆ ಹೋಗುತ್ತಿದೆ, ಒಳಗೆ ತೆಗೆದುಕೋ ಎಂದು ಕೂಗಲು ಹೋಗಿ ಅರ್ಧಕ್ಕೆ ನಿಲ್ಲಿಸಿದರು. ಮಗುವನ್ನು ಎತ್ತಿಕೊಂಡವರ ಹಾಗೆ ಎಡ ಮೊಣಕೈ ಹೊರಗೆ ಹಾಕಿ ಓಡುತ್ತಿದ್ದದ್ದು ಅವರ ಇಡೀ ನೌಕರಿಯಲ್ಲಿ ಒಬ್ಬಳೇ ಹುಡುಗಿ.

ಅಂದು ಹತ್ತು ಕಿಲೋಮೀಟರ್ ಓಡಿದಳು. ಎರಡು ತಿಂಗಳ ಭಾನುವಾರಗಳನ್ನು ನೋಡಿದ ಮೇಲೆ ಸರ್ ಕೂರಿಸಿಕೊಂಡು ಹೇಳಿದರು: ಡಿಸೆಂಬರಿನಲ್ಲಿ ಪೂರ್ತಿ ಮ್ಯಾರಥಾನ್ ಇದೆ, ನಲವತ್ತೆರಡು ಕಿಲೋಮೀಟರ್. ಮೂವತ್ತು ದಾಟಿದ ಹೆಂಗಸರ ವಿಭಾಗದಲ್ಲಿ ನೀನು ಗೆಲ್ಲುವವರ ಸಾಲಿನಲ್ಲಿ ಓಡಬಲ್ಲೆ. ಅದಕ್ಕೆ ಹದಿನಾರು ವಾರ ಬೇಕು. ವಾರಕ್ಕೆ ಐದು ದಿನ, ಬೆಳಿಗ್ಗೆ ನಾಲ್ಕೂವರೆಯಿಂದ ಆರೂವರೆ. ಮೈಯಲ್ಲಿ ಓಟ ಇದೆ, ಆದರೆ ಬೆಳಗು ಬೇಕು ಎಂದರು.

ಬೇರೆ ಯಾವುದಾದರೂ ಕೇಳಿದ್ದರೆ ಅನುಸೂಯಾ ಹೊಂದಿಸಬಹುದಿತ್ತು. ಬೆಳಗು ಅವಳದಾಗಿರಲಿಲ್ಲ.

ಮನೆಯಲ್ಲಿ ವಿಷಯ ತೆಗೆದಾಗ ಕಿಶೋರ, "ನಾ ಯಾವಾಗರ ಬ್ಯಾಡ ಅಂದೀನೇನು?" ಎಂದ. ಅನ್ನಲಿಲ್ಲ, ನಿಜ. ಕೆಟ್ಟವನಲ್ಲ ಅವನು, ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ಮನೆಯ ಕೆಲಸ ಮುಗಿಸಿ ಹೋಗು ಎಂದ. ಅದನ್ನು ಮುಗಿಸಿ ನಾಲ್ಕೂವರೆಗೆ ಗುಡ್ಡದ ಮೇಲಿರಬೇಕಾದರೆ ಎಷ್ಟಕ್ಕೆ ಏಳಬೇಕೆಂದು ಅನುಸೂಯಾ ಕೇಳಿದಳು. ಅವನು ಮೊಬೈಲು ನೋಡಿದ. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಸಾಬವ್ವ ಮೊರ ಕೆಳಗಿಟ್ಟಳು.

"ಪಲ್ಯ ರಾತ್ರಿನೇ ಮಾಡು, ವಾರಕ್ಕೊಮ್ಮೆ ಖಡಕ್ ರೊಟ್ಟಿ ಮಾಡಿಟ್ರಾತು. ದಿನಾ ಯಾಕ ಬಡೀಬೇಕು?"

ಅವರ ಊರ ಕಡೆ ಮದುವೆ, ದೂರದ ಪ್ರಯಾಣ ಬಂದರೆ ಹೆಂಗಸರು ಹೀಗೆಯೇ ಮಾಡುತ್ತಾರೆ. ಕಾಗದದಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಸುತ್ತ ನಿಲ್ಲಿಸಿ ತೇವವೆಲ್ಲ ಆರಿಸಿ, ಬಟ್ಟೆಯಲ್ಲಿ ಕಟ್ಟಿಟ್ಟರೆ ತಿಂಗಳಾದರೂ ಕೆಡುವುದಿಲ್ಲ. ಕಿಶೋರನಿಗೆ ಮಾತ್ರ ಬಿಸಿಬಿಸಿ ಮೆತ್ತನೆಯ ರೊಟ್ಟಿಯೇ ಬೇಕು. ಕ್ಯಾಂಟೀನಿನಲ್ಲಿ ಕಟುಂ ಕಟುಂ ಸಪ್ಪಳ ಕೇಳಿ ಜೊತೆಯವರು ನಗುತ್ತಾರೆ ಎಂದ. ನಗಲಿ, ಹಲ್ಲು ಗಟ್ಟಿ ಇದ್ದಾವಂತ ತಿಳೀತದ ಎಂದಳು ಅವನ ತಾಯಿ. ಕೊನೆಗೆ ನೀರು ತುಂಬುವುದು ತನ್ನ ಪಾಲಿಗೆ ಎಂದು ಅವನು ಒಪ್ಪಿಕೊಂಡ. ಮರುದಿನವೇ ಆ ಸುದ್ದಿ ವಸ್ತಿಗೆಲ್ಲ ಗೊತ್ತಾಯಿತು, ಏಕೆಂದರೆ ಹೇಳಿದವನು ಅವನೇ.

ಹೀಗೆ ಹದಿನಾರು ವಾರ ಶುರುವಾಯಿತು. ವಾರದಿಂದ ವಾರಕ್ಕೆ ಗುಡ್ಡದ ಏರು ಹಗುರಾಗುತ್ತ ಬಂತು. ನಾಲ್ಕನೆಯ ವಾರಕ್ಕೆ ವರದಾ ಹಿಂದೆ ಉಳಿದರು; ಎಂಟನೆಯ ವಾರಕ್ಕೆ ಗುಂಪಿನ ಗಂಡಸರು ಕೆಲವರು ಉಳಿದರು. ಪ್ರತಿ ಭಾನುವಾರ ಬೆಳಿಗ್ಗೆ ಇಪ್ಪತ್ತೈದು, ಇಪ್ಪತ್ತೆಂಟು ಕಿಲೋಮೀಟರ್ ಓಡಿ ಬಂದು, ಮಧ್ಯಾಹ್ನ ಅತ್ತೆಯ ಜೊತೆ ಕೂತು ನೂರು ರೊಟ್ಟಿ ಬಡಿಯುತ್ತಿದ್ದಳು. ಸರ್ ಬರೆದುಕೊಟ್ಟ ಹಾಳೆಯಲ್ಲಿ ಭಾನುವಾರ ಮಧ್ಯಾಹ್ನದ ಅಂಕಣದಲ್ಲಿ 'ಪೂರ್ಣ ವಿಶ್ರಾಂತಿ' ಎಂದಿತ್ತು. ಅದನ್ನು ಓದಿ ಅತ್ತೆಗೆ ಹೇಳಿದಾಗ ಇಬ್ಬರೂ ನಕ್ಕರು. ಕೆಲಸ ಕಡಿಮೆಯಾಗಿರಲಿಲ್ಲ. ಏಳು ದಿನದ್ದು ಒಂದು ದಿನಕ್ಕೆ ಬಂದು ಕೂತಿತ್ತು, ಅಷ್ಟೆ.

ಒಂಬತ್ತನೆಯ ವಾರದಿಂದ ಭಾನುವಾರದ ಹಿಟ್ಟು ಬೇಗ ಮುಗಿಯತೊಡಗಿತು. ಅರವತ್ತು ಬಡಿಯುವಷ್ಟರಲ್ಲಿ, ಸಾಕು, ಬುಟ್ಟಿ ತುಂಬ್ಯದ, ನೀ ಮಲಕೋ ಎನ್ನುತ್ತಿದ್ದಳು ಸಾಬವ್ವ. ದಣಿದ ಅನುಸೂಯಾ ಎಣಿಸಲು ಹೋಗಲಿಲ್ಲ.

ಹನ್ನೊಂದನೆಯ ವಾರದ ಬುಧವಾರ ಓಟದಿಂದ ಬಂದಾಗ ಸಾಯಲಿ ಅಜ್ಜಿಯ ತಲೆ ಬಾಚುತ್ತಿದ್ದಳು. ಸಾಬವ್ವನ ಬಲಗೈ ಹೆಗಲಿನಿಂದ ಮೇಲೇಳುತ್ತಿರಲಿಲ್ಲ. ದವಾಖಾನೆಯ ಡಾಕ್ಟರು ಭುಜ ಹಿಡಿದುಕೊಂಡಿದೆ, ಮೂರು ತಿಂಗಳು ಭಾರದ ಕೆಲಸ ಬೇಡ ಎಂದರು. ಮನೆಗೆ ಬರುವ ದಾರಿಯಲ್ಲಿ ಸಾಯಲಿ ಬಾಯಿಬಿಟ್ಟಳು: ಅಜ್ಜಿ ದಿನಾ ಮಧ್ಯಾಹ್ನ ಒಬ್ಬಳೇ ಆರೇಳು ರೊಟ್ಟಿ ಬಡಿದು ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದಳು. ಅವ್ವನಿಗೆ ಹೇಳಬೇಡ, ಭಾನುವಾರ ಅವಳು ಸ್ವಲ್ಪ ಮಲಗಲಿ ಎಂದಿದ್ದಳು.

ಅಂದು ಸಂಜೆ ಅನುಸೂಯಾ ಬೂಟುಗಳನ್ನು ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದಳು. ವರದಾ ಅವರಿಗೆ ತಿರುಗಿ ಕೊಡುವುದಾಗಿ, ನಾಳೆಯಿಂದ ಹೋಗುವುದಿಲ್ಲವೆಂದು ಮನೆಯವರಿಗೆ ಹೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಿಶೋರ, ಈ ವರ್ಷ ಬಿಡು, ಮುಂದ ನೋಡಿದ್ರಾತು ಎಂದ. ಸಮಾಧಾನ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ.

ಸಾಬವ್ವ ಗೋಡೆಗೊರಗಿ ಕೂತಿದ್ದಳು. ಮಗನಿಗೆ, ಕೈ ತೊಳಕೊಂಡು ಬಾ ಎಂದಳು. ಊಟಕ್ಕೆ ಎಂದುಕೊಂಡು ಅವನು ತೊಳೆದು ಬಂದ. ಎಡಗೈಯಿಂದ ಅವಳು ಹಿಟ್ಟು ನಾದುವ ಪರಾತವನ್ನು ಅವನ ಮುಂದೆ ನೂಕಿದಳು.

"ನಾನೇ? ಗಂಡಸ್ರು ರೊಟ್ಟಿ ಬಡೀತಾರೇನವ್ವ?"

"ಮಿಷಿನ್ ಮುಂದ ನಿಂತು ದಿನಾ ಕಬ್ಬಿಣ ಬಡೀತಿ. ಹಿಟ್ಟು ಅದಕ್ಕಿಂತ ಮೆತ್ತಗ ಅದ."

"ನನಗ ಬರಂಗಿಲ್ಲ."

"ಅಕಿಗಿ ಹೊಟ್ಟ್ಯಾಗಿಂದ ಬಂದಿತ್ತೇನು? ನನಗ ಬಂದಿತ್ತೇನು? ಕೂಡು."

ಅನುಸೂಯಾ ಎದ್ದು ಪರಾತ ತೆಗೆದುಕೊಳ್ಳಲು ಬಂದಳು. ಅತ್ತೆ ಅವಳ ಕಡೆ ನೋಡಿದ ನೋಟಕ್ಕೆ ಮತ್ತೆ ಕೂತಳು. ಮುಂದಿನ ಒಂದು ತಾಸು ಅವಳಿಗೆ ಓಟಕ್ಕಿಂತ ಕಷ್ಟದ್ದಾಗಿತ್ತು. ಅವನು ಹಿಟ್ಟು ಚೆಲ್ಲಿದಾಗ, ಹೆಂಚು ಹೊಗೆಯಾಡಿದಾಗ, ರೊಟ್ಟಿ ಎತ್ತುವಾಗ ಎರಡಾಗಿ ಬಿದ್ದಾಗ ಅವಳ ಕೈ ತಾನಾಗಿ ಏಳುತ್ತಿತ್ತು. ಏಳದಂತೆ ತೊಡೆಯ ಕೆಳಗೆ ಇಟ್ಟುಕೊಂಡಳು. ಇಡಿಯಾಗಿ ಉಳಿದ ಮೊದಲ ರೊಟ್ಟಿಯನ್ನು ಸಾಯಲಿ ದೀಪಕ್ಕೆ ಹಿಡಿದು ನೋಡಿದಳು.

"ಆಜೀ, ಪಪ್ಪಾನ ರೊಟ್ಟಿ ಮಹಾರಾಷ್ಟ್ರದ ನಕಾಶೆ ಆಗ್ಯದ."

"ಇರ್ಲಿ ತಗೋ. ಇಷ್ಟು ವರ್ಷ ಮಹಾರಾಷ್ಟ್ರದ್ದೇ ತಿನ್ಲತ್ತೀವಲ್ಲ."

ಮರುದಿನ ನಾಲ್ಕೂಕಾಲಕ್ಕೆ ಅನುಸೂಯಾ ಚೀಲ ಬಿಚ್ಚಿ ಬೂಟು ತೆಗೆದಳು.

ಕಿಶೋರನ ರೊಟ್ಟಿ ದಪ್ಪ. ಖಡಕ್ಕಾಗದೆ ಒಂದೊಂದು ಕಡೆ ಚರ್ಮದ ಹಾಗೆ ಉಳಿಯುತ್ತಿತ್ತು. ಎಲ್ಲರೂ ಸಾರಿನಲ್ಲಿ ನೆನೆಸಿ ತಿಂದರು. ಕ್ಯಾಂಟೀನಿನಲ್ಲಿ, ಅತ್ತಿಗೆ ರೊಟ್ಟಿ ಮಾಡುವುದು ಮರೆತರೇನು ಎಂದು ಜೊತೆಯ ಸ್ವಪ್ನಿಲ್ ಕೇಳಿದಾಗ ಮೊದಲ ವಾರ ಡಬ್ಬಿ ಮುಚ್ಚಿಬಿಟ್ಟ. ಮೂರನೆಯ ವಾರ, ನಾನು ಮಾಡಿದ್ದು ಎಂದ. ಸ್ವಪ್ನಿಲ್ ನಗಲು ಬಾಯಿ ತೆರೆದು, ಒಂದು ತುಂಡು ಮುರಿದು ತಿಂದು, ಉಪ್ಪು ಕಡಿಮೆ ಎಂದನಂತೆ.

ಡಿಸೆಂಬರಿನ ಆ ಭಾನುವಾರ ಇನ್ನೂ ಕತ್ತಲಿರುವಾಗ ಓಟ ಶುರುವಾಯಿತು. ಮೂವತ್ತು ಕಿಲೋಮೀಟರ್‌ವರೆಗೆ ಅನುಸೂಯಾ ತನ್ನ ವಿಭಾಗದಲ್ಲಿ ಮೂರನೆಯವಳು. ಮೂವತ್ತೈದಕ್ಕೆ ಮೀನಖಂಡ ಗಂಟು ಕಟ್ಟಿತು. ನಿಂತು ಕೈಯಿಂದ ತಿಕ್ಕಿಕೊಂಡಳು. ಅಷ್ಟರಲ್ಲಿ ಹಳದಿ ಟೋಪಿಯ ಒಬ್ಬಳು ದಾಟಿ ಹೋದಳು. ಉಳಿದ ದಾರಿಯುದ್ದಕ್ಕೂ ಆ ಟೋಪಿ ಕಣ್ಣೆದುರಿಗೇ ಇತ್ತು, ಹತ್ತಿರ ಬರುತ್ತಲೇ ಇತ್ತು, ಕೈಗೆ ಸಿಗಲಿಲ್ಲ. ಮೂರು ತಾಸು ಮೂವತ್ತೆಂಟು ನಿಮಿಷ. ನಾಲ್ಕನೆಯ ಸ್ಥಾನ. ಮೂರನೆಯವಳಿಗೂ ಅವಳಿಗೂ ಹತ್ತೊಂಬತ್ತು ಸೆಕೆಂಡ್ ಅಂತರ.

ಓಟ ಮುಗಿಯುವಲ್ಲಿ ಕಾದಿದ್ದ ಸಾಬವ್ವ ಸರಿಯಾಗಿರುವ ಕೈಯಿಂದ ಸೊಸೆಯ ಬೆನ್ನು ನೀವಿದಳು. ವರದಾ ಅತ್ತುಬಿಟ್ಟರು. ಅವಿನಾಶ್ ಸರ್ ಮಾತ್ರ ಖುಷಿಯಲ್ಲಿದ್ದರು. ಮೊದಲ ಮ್ಯಾರಥಾನಿನಲ್ಲೇ ಇಷ್ಟಾದರೆ ಮುಂದಿನ ವರ್ಷ ಹತ್ತು ನಿಮಿಷ ಇಳಿಯುತ್ತದೆ, ಆದರೆ ಹದಿನಾರು ವಾರ ಸಾಲದು, ವರ್ಷವಿಡೀ ಬೇಕು ಎಂದರು.

ಕಾರ್ಖಾನೆಗೆ ರಜೆ ಹಾಕಿ ಸೋಮವಾರ ಕಿಶೋರ ಮನೆಯಲ್ಲೇ ಇದ್ದ. ಅನುಸೂಯಾ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಳು. ಅವನು ಚಹಾ ಸೋಸುತ್ತ ನಿರಾಳವಾಗಿ, "ಅಂತೂ ಮುಗೀತಲ್ಲ" ಎಂದ.

"ಮುಗಿದಿಲ್ರಿ. ಫೆಬ್ರುವರಿಯಿಂದ ಮತ್ತ ಸುರು. ಈ ಸಲ ವರ್ಷಪೂರ್ತಿ."

ಅನುಮತಿ ಕೇಳುತ್ತಿರಲಿಲ್ಲ ಅವಳು, ಹೇಳುತ್ತಿದ್ದಳು. ಹನ್ನೆರಡು ವರ್ಷದಲ್ಲಿ ಆ ದನಿ ಅವನು ಕೇಳಿರಲಿಲ್ಲ. ತಾಯಿಯ ಕಡೆ ನೋಡಿದ. ಸಾಬವ್ವ ಕಿಟಕಿಯ ಆಚೆ ನೋಡುತ್ತಿದ್ದಳು.

"ವರ್ಷಪೂರ್ತಿ ವಾರಕ್ಕ ನೂರು ರೊಟ್ಟಿ ನನ್ನ ಕಡಿಂದ ಆಗಂಗಿಲ್ಲ" ಎಂದ ಕಿಶೋರ.

"ನಾನೂ ಬಡೀತೀನಿ, ನೀವೂ ಬಡೀರಿ. ಉಳಿದ ದಿನ ಅನ್ನ."

"ಅನ್ನ ಯಾರು ಮಾಡೋರು?"

ಅವಳು ಚಹಾ ಕುಡಿದಳು. ಅವನು ಗೋಡೆಯ ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡತೊಡಗಿದ. ಬೇಳೆ, ಸಕ್ಕರೆ, ಮತ್ತೆ ಬೇಳೆ. ದಿನವೂ ಉಣ್ಣುವ ಮನೆಯಲ್ಲಿ ಅಕ್ಕಿ ಯಾವುದರಲ್ಲಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅನುಸೂಯಾ ಏಳಲು ಹೋದಳು. ತೊಡೆಗಳು ಏಳಗೊಡಲಿಲ್ಲ. ಕೂತಲ್ಲಿಂದಲೇ ಬೆರಳು ತೋರಿಸಿದಳು.