ಕಾಣದ ಹಾಗೆ ನಡೆಯುವುದು

ಮೊಣಕಾಲಿಗೆ ಕೊಬ್ಬರಿ ಎಣ್ಣೆ ತಿಕ್ಕಿ, ಅದರ ಮೇಲೆ ಬಿಸಿ ಉಪ್ಪಿನ ಗಂಟು ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬಾಳೂರಿನ ಗುಡ್ಡಗಳನ್ನು ಹತ್ತಿ ಇಳಿದು ಬಂದ ಮೊಣಕಾಲು ಇದು. ನಮ್ಮ ಕಡೆ ಜೀಪಿನವರು ಹೇಳುವ ಹಾಗೆ, ಎಂಜಿನ್ ಪರವಾಗಿಲ್ಲ, ಬುಷ್ ಹೋಗಿದೆ.

ವರ್ಷದ ಬಹುಪಾಲು ನಾನು ಮೂಡಿಗೆರೆ ಕಡೆಯ ಎಸ್ಟೇಟೊಂದರಲ್ಲಿ ರೈಟರ್. ಆಳುಗಳ ಹಾಜರಿ, ತೋಟದ ಲೆಕ್ಕಪತ್ರ ನೋಡುವವನು. ಉಳಿದ ಒಂದೆರಡು ತಿಂಗಳು ಸೇನೆಯ ಮೀಸಲು ಪಡೆಯ ಸಿಪಾಯಿ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು, ಮೊದಲ ಸಮವಸ್ತ್ರವೂ ನನ್ನದು. ಎರಡನ್ನೂ ಯಾರ ಶಿಫಾರಸೂ ಇಲ್ಲದೆ ಸಂಪಾದಿಸಿದೆನೆಂಬ ಹೆಮ್ಮೆಯನ್ನು ಮುಚ್ಚಿಡುವಷ್ಟು ವಿನಯ ನನಗಿಲ್ಲ.

ಇಷ್ಟು ಕಾಲ ನಮ್ಮ ಪಡೆಯದು ಕಾವಲಿನ ಕೆಲಸ. ಸೇತುವೆಯ ಬಳಿ, ರೈಲು ಹಳಿಯ ಬಳಿ, ಘಾಟಿ ಕುಸಿದಾಗ ರಸ್ತೆಯ ನಡುವೆ ನಿಲ್ಲುವುದು. ನಾವು ಎಷ್ಟು ಎದ್ದು ಕಾಣುತ್ತೇವೋ ಕಾವಲು ಅಷ್ಟು ಭದ್ರ. ಈ ಸಲ ಆದೇಶ ಬದಲಾಯಿತು. ಇನ್ನು ನಿಮ್ಮದು ರೆಕ್ಕಿ ಎಂದರು. ಸೈನ್ಯಕ್ಕಿಂತ ಮುಂದೆ ಹೋಗಿ, ಎದುರಾಳಿ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ ಎಂದು ನೋಡಿ, ಯಾರ ಕಣ್ಣಿಗೂ ಬೀಳದೆ, ಗುರುತು ಬಿಡದೆ ಮರಳಿ ಬಂದು ಹೇಳಬೇಕು. ಕಲಿತವರು ಉಳಿಯುತ್ತಾರೆ, ಕಲಿಯಲಾರದವರು ಸಮವಸ್ತ್ರ ಒಪ್ಪಿಸಿ ಮನೆಗೆ. ನಲವತ್ತು ದಾಟಿದ ನನಗೆ, ಅದನ್ನು ಮಡಿಸಿ ಯಾರದೋ ಮೇಜಿನ ಮೇಲಿಟ್ಟು ಬರುವುದನ್ನು ನೆನೆಸಿಕೊಂಡರೇ ಸಂಕಟವಾಗುತ್ತಿತ್ತು.

ತೋಟದ ಮಾಲೀಕರೊಬ್ಬರ ಒಪ್ಪಿಗೆ ಪಡೆದು ಅವರ ಗುಡ್ಡದಲ್ಲೇ ಪರೀಕ್ಷೆ ಇಟ್ಟರು. ನಮ್ಮದು ನಾಲ್ವರ ತಂಡ, ಎಲ್ಲರೂ ಕಾಫಿ ಸೀಮೆಯವರು. ನನ್ನ ಹಿಂದೆ ಮಲ್ಲಂದೂರಿನ ಸಣ್ಣ ಬೆಳೆಗಾರ ಚಂದ್ರೇಗೌಡ. ಜಿಗಣೆ ಜಾತಿಯ ಇಂಬಳ ಕಚ್ಚಿ ರಕ್ತ ಸೋರಿದರೂ ಉಸಿರೆತ್ತದೆ ಕಾಫಿ ಸಾಲುಗಳ ನಡುವೆ ನುಸುಳಿ, ನೋಡಬೇಕಾದ್ದನ್ನು ನೋಡಿ ಬಂದೆವು. ಗೆದ್ದೆವೆಂದೇ ತಿಳಿದಿದ್ದೆವು. ಅಷ್ಟರಲ್ಲಿ ತರಬೇತಿ ಕೊಡುವ ಸುಬೇದಾರರು, ಬೆಳಗಾವಿ ಕಡೆಯವರು, ನಾವು ಬಂದ ದಾರಿಯಲ್ಲೇ ನಿಧಾನವಾಗಿ ನಡೆದು ಬಂದರು. ಕೈತುಂಬ ಹಸಿ ಚಿಗುರು.

“ಏನ್ರಪಾ, ರೆಕ್ಕಿಗೆ ಬಂದೀರೋ, ಕೂಲಿಗೆ ಬಂದೀರೋ?”

ನಾನು ನನ್ನ ಕೈ ನೋಡಿಕೊಂಡೆ. ಕಾಫಿ ಗಿಡದ ಕಾಂಡದಿಂದ ನೆಟ್ಟಗೆ ಎದ್ದು ಸಾರ ಹೀರುವ ಚಿಗುರಿಗೆ ನಾವು ಕಂಬಚಿಗುರು ಅನ್ನುತ್ತೇವೆ. ಕಂಡಲ್ಲಿ ಮುರಿದು ಹಾಕುವುದು ನಮ್ಮ ಬೆರಳುಗಳಿಗೆ ಅಂಟಿದ ಅಭ್ಯಾಸ. ನಾಲ್ವರೂ ಮುರಿಯುತ್ತಲೇ ಬಂದಿದ್ದೆವು. ನಮಗೇ ಗೊತ್ತಿರಲಿಲ್ಲ.

“ಬಿಟ್ರೆ ಗಿಡ ಕೆಡುತ್ತಲ್ಲ ಸಾಹೇಬ್ರೆ,” ಎಂದ ಚಂದ್ರೇಗೌಡ.

“ಗಿಡ ಉಳೀತು, ನೀವು ಸತ್ರಿ. ನಾಳೆ ಇನ್ನೊಂದ್ಸಲ. ಅದೇ ಕಡೀದು.”

ಮರುದಿನ ಹೊರಡುವಾಗ ಚಂದ್ರೇಗೌಡ, “ಬ್ಯಾಗಿನ ಪಟ್ಟಿ ಗಟ್ಟಿ ಹಿಡ್ಕೋ ಮಾರಾಯ. ಬಿಟ್ರೆ ಕೈ ನಮ್ಮಾತು ಕೇಳಲ್ಲ,” ಎಂದ. ಹಾಗೇ ನಡೆದೆವು. ಏರಿಗಿಂತ, ಇಂಬಳಕ್ಕಿಂತ, ಬೆರಳುಗಳನ್ನು ಸುಮ್ಮನಿರಿಸುವುದೇ ಹೆಚ್ಚು ದಣಿಸಿತು. ಒಂದೊಂದು ಚಿಗುರೂ ಹೆಸರು ಹಿಡಿದು ಕರೆದಂತಾಗುತ್ತಿತ್ತು. ಸಂಜೆ ಸುಬೇದಾರರು ಬರಿಗೈಯಲ್ಲಿ ಬಂದು, ತಲೆಯಾಡಿಸಿದರು. ಉಳಿದುಕೊಂಡೆವು. ಕುಣಿಯುವ ಶಕ್ತಿ ಯಾರಲ್ಲೂ ಇರಲಿಲ್ಲ.

ನಿನ್ನೆ ಮನೆಗೆ ಬಂದು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅಪ್ಪ ಆಯುಷ್ಯವೆಲ್ಲ ತೋಟದಾಳು. ಸಾಹುಕಾರರು ಬಂಗಲೆಯಿಂದ ಇಳಿದು ಬಂದರೆ ಗಿಡದ ಮರೆಗೆ ಸರಿದುಬಿಡುತ್ತಿದ್ದ. ಪಕ್ಕದಲ್ಲೇ ಹಾದುಹೋದವರಿಗೂ ಅಲ್ಲೊಬ್ಬ ಮನುಷ್ಯ ನಿಂತಿದ್ದಾನೆ ಅನಿಸುತ್ತಿರಲಿಲ್ಲ. ಮಗ ಹಾಗೆ ನಿಲ್ಲಬಾರದೆಂದೇ ನನ್ನನ್ನು ಓದಿಸಿದ್ದು.

“ಮರೇಲಿ ನಿಲ್ಲೋ ಕೆಲ್ಸನಾ?” ಎಂದ. “ಅದನ್ನ ನಾನೇ ಕಲಿಸ್ತಿದ್ನಲ್ಲೋ. ಇಷ್ಟೆಲ್ಲ ಓದ್ಸಿದ್ದು ಯಾಕೆ ಮತ್ತೆ?”

ಮಾತು ನಾಟಿತು. “ನೋಡಿದ್ದನ್ನ ಬಂದು ಹೇಳ್ಬೇಕಲ್ಲಪ್ಪ. ಆಫೀಸರು ಎದುರಿಗೆ ಕೂರಿಸ್ಕೊಂಡು ಕೇಳ್ತಾರೆ.”

“ಕೂರಿಸ್ಕೊಂಡು?”

“ಹೂಂ.”

ಅಪ್ಪ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ, ಅಗಿಯಲಿಲ್ಲ. ಮರೆಯಲ್ಲಿ ನಿಂತವನ ಕಣ್ಣಿಗೆ ಎಷ್ಟೆಲ್ಲ ಬಿದ್ದಿರಬಹುದು ಎಂದು ನನಗೆ ಆಗ ಹೊಳೆಯಿತು. ಮಲಗಿದರೆ ಸಾಕು ಅನ್ನುವಷ್ಟು ಸುಸ್ತಾಗಿತ್ತು. ಆದರೂ ಒಂದು ಕುರ್ಚಿ ತಂದು ಅವನನ್ನು ಕೂರಿಸಿ, ನೋಯುವ ಕಾಲು ಚಾಚಿ ನಾನು ನೆಲದ ಮೇಲೆ ಕೂತೆ.

“ಹೇಳಪ್ಪ, ಅಷ್ಟು ವರ್ಷ ನಿಂತು ಏನೇನು ನೋಡ್ದೆ?”

ಅಪ್ಪ ನನ್ನನ್ನೇ ನೋಡಿದ, ತಮಾಷೆಯೋ ಏನೋ ಎಂದು. ಆಮೇಲೆ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿ ಬಂದು, ಗಂಟಲು ಸರಿಮಾಡಿಕೊಂಡ.