ಜಡೆಯ ಮೇಲೆ ಹಾರಿ ಜಡೆಗೆ ಹೋದದ್ದು

ತಂಗಿ ಗೌರಮ್ಮ ಇನ್ನು ಉಳಿಯುವುದಿಲ್ಲ ಎಂದು ಸೊರಬದ ಹತ್ತಿರದ ಅವಳ ಊರು ಜಡೆಯಿಂದ ಫೋನು ಬಂದಾಗ ನಾನು ಗೋವಾದಲ್ಲಿ ಮಗಳ ಮನೆಯಲ್ಲಿದ್ದೆ. ಕಡೆಗೆ ನನ್ನ ಬಾಯಿಗೆ ನೀರು ನೀನೇ ಬಿಡಬೇಕು ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಹಟಮಾರಿ.

ಬಸ್ಸಿಗಾದರೆ ಇಡೀ ದಿನ ಬೇಕು. ಮೊಮ್ಮಗಳು ರಶ್ಮಿ ಫೋನಿನಲ್ಲಿ ಗೋವಾದ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ನಿಲ್ದಾಣಕ್ಕೆ ಗೆರೆ ಎಳೆದು ಅಳೆದಳು. ನೆಟ್ಟಗೆ ಇನ್ನೂರೈವತ್ತು ಕಿಲೋಮೀಟರ್ ಚಿಲ್ಲರೆ, ಹಾರಲು ಒಂದು ತಾಸು. ಗೆರೆ ಎಲ್ಲೆಲ್ಲಿ ಹಾಯುತ್ತದೆ ಎಂದು ಕೇಳಿದೆ. ಬೆರಳಿನಿಂದ ಹಿಗ್ಗಿಸಿ ನೋಡಿದಳು.

"ಸೊರಬದ ಮೇಲೇ ಹೋಗ್ತದೆ ಅಜ್ಜಿ. ಜಡೆ ಮೇಲೇ ಹೋದಂಗೆ."

"ಹಂಗಾದ್ರೆ ಅಲ್ಲೇ ಇಳಿಸು ಅನ್ನು."

ಇಳಿಸುವುದಿಲ್ಲ. ತಂಗಿಯ ಮನೆ ದಾಟಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ಕಾರಿನಲ್ಲಿ ಮೂರು ತಾಸು ಹಿಂದಕ್ಕೆ ಬರಬೇಕು. ಓದಿದವರ ಲೆಕ್ಕ ಎಂದು ಬೈದುಕೊಂಡೇ ಮರುದಿನ ಬೆಳಿಗ್ಗೆ ರಶ್ಮಿಯ ಜೊತೆ ವಿಮಾನ ಹತ್ತಿದೆ. ಟಿಕೆಟ್ಟಿಗೆ ಎಷ್ಟಾಯಿತೆಂದು ಕೇಳಲಿಲ್ಲ.

ಒಳಗೆ ಚಳಿ. ಕಟ್ಟಿಕೊಂಡು ಬಂದ ಚಪಾತಿ ಚೀಲದಲ್ಲೇ ಉಳಿಯಿತು. ಕೆಳಗೆ ಮೊದಲು ಕಾಡು, ಆಮೇಲೆ ಬರೀ ಮೋಡ. ರಶ್ಮಿ ಹೊರಟ ಹೊತ್ತಿನಿಂದ ಲೆಕ್ಕ ಹಾಕಿ, ಈಗ ಜಡೆಯ ಮೇಲಿರಬೇಕು ಎಂದಳು. ಕಿಟಕಿಗೆ ಹಣೆ ಹಚ್ಚಿದೆ. ಕಿವಿ ಕಟ್ಟಿದವು, ಇಂಜಿನಿನ ಸದ್ದೇ ಇಲ್ಲವಾಯಿತು. ಆಗ, ಸಗಣಿ ಸಾರಿಸಿದ ಹಸಿ ನೆಲದ ವಾಸನೆ ಬಂತು. ನಿದ್ದೆ ಮಾಡಿರಲಿಲ್ಲ, ಅದು ಖಂಡಿತ. ರಶ್ಮಿ ಭುಜ ಅಲ್ಲಾಡಿಸಿದಾಗ ವಿಮಾನ ನೆಲದ ಮೇಲಿತ್ತು. ಎಷ್ಟು ಕರೆದರೂ ನಾನು ಓಗೊಡಲಿಲ್ಲವಂತೆ.

ಶಿಕಾರಿಪುರದಲ್ಲಿ ಮೆಕ್ಕೆಜೋಳದ ಲಾರಿಗಳು ರಸ್ತೆ ಹಿಡಿದಿದ್ದವು. ಅಲ್ಲೇ ನನ್ನ ಮನೆ, ಇಳಿಯಲಿಲ್ಲ. ಸೊರಬ ದಾಟಿ ಜಡೆ ಮುಟ್ಟುವಾಗ ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು.

ಗೌರಮ್ಮನಿಗೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂರಿಸಿದ್ದರು. ತಂಗಿ ಹೋಗಿಬಿಟ್ಟಿದ್ದಳು, ನಾನು ಕೊಟ್ಟ ಮಾತು ತಪ್ಪಿತ್ತು. ಆದರೆ ಮನೆ ತುಂಬ ಜನರಿದ್ದರೂ ಯಾರೂ ನನ್ನನ್ನು ಈಗ ಬಂದವಳಂತೆ ನೋಡಲಿಲ್ಲ. ಅವಳ ಸೊಸೆ ಗಿರಿಜೆ ಹತ್ತಿರ ಬಂದಳು.

"ಇಷ್ಟೊತ್ತು ಎಲ್ಲಿಗೆ ಹೋಗಿದ್ರಿ ದೊಡ್ಡತ್ತೆ?"

"ಈಗ ಬರ್ತಾ ಇದೀನಲ್ಲೇ."

ಗಿರಿಜೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. ಬೆಳಿಗ್ಗೆ ನಾನು ಹಿತ್ತಲ ಬಾಗಿಲಿನಿಂದ ಬಂದೆನಂತೆ. ಇದೇ ಸೀರೆಯಂತೆ. ಯಾರನ್ನೂ ಮಾತಾಡಿಸದೆ ಲೋಟ ತೆಗೆದುಕೊಂಡು ತಂಗಿಯ ಬಾಯಿಗೆ ನೀರು ಬಿಟ್ಟು, ಕಣ್ಣು ಮುಚ್ಚಿಸಿ, ಬಂದ ದಾರಿಯಲ್ಲೇ ಹೋದೆನಂತೆ. ಅದು ಎಷ್ಟು ಹೊತ್ತಿಗೆ ಎಂದು ರಶ್ಮಿ ಕೇಳಿದಳು. ಉತ್ತರ ಕೇಳಿ ನನ್ನ ಸೆರಗು ಹಿಡಿದುಕೊಂಡಳು. ನಾವು ಮೋಡದ ಮೇಲಿದ್ದ ಹೊತ್ತು ಅದು.

"ಗೌರಿ ಏನಾದ್ರೂ ಅಂದ್ಲಾ?"

"ಅಕ್ಕ, ನಿನ್ ಕೈ ಯಾಕೆ ಇಷ್ಟು ತಣ್ಣಗೈತೆ ಅಂದ್ರು. ಅಷ್ಟೇ."

ಅದು ನಾನಲ್ಲ ಎಂದು ಹೇಳಲು ಬಾಯಿ ತೆಗೆದೆ. ತಂಗಿಯ ಮುಖ ನೋಡಿದೆ. ಬಾಯಾರಿ ಹೋದವಳ ಮುಖವಲ್ಲ ಅದು. ಅವಳ ಹಣೆಯ ವಿಭೂತಿ ಸರಿಮಾಡಿದೆ.

ಸಂಜೆಯೊಳಗೆ ಮಣ್ಣು ಮಾಡಿದರು. ಕಾರ್ಯ ಮುಗಿಸಿ ಗೋವಾಕ್ಕೆ ಹೊರಟಾಗ ರಶ್ಮಿ ಮತ್ತೆ ವಿಮಾನ ಎಂದಳು. ನಾನು ಬೇಡವೆಂದೆ.

"ಬಸ್ಸಿಗೇ ಹೋಗಾನ. ಈ ಸಲ ನಾನು ಪೂರ್ತಿ ಹೋಗಿ ಮುಟ್ಟಬೇಕು."

ಗಿರಿಜೆ ರಸ್ತೆಯವರೆಗೆ ಬಂದು ಸೊರಬದ ಬಸ್ಸು ಹತ್ತಿಸಿದಳು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅವಳು ಮನೆಯ ಕಡೆ ನಡೆಯುತ್ತಿದ್ದಳು. ಬಾಗಿಲಲ್ಲಿ ನಿಂತು, ನನ್ನನ್ನು ಮುಂದೆ ಬಿಡುವಾಗ ಸರಿಯುವ ಹಾಗೆಯೇ ಪಕ್ಕಕ್ಕೆ ಸರಿದಳು. ಅಂಗಳದಲ್ಲಿ ಅವಳೊಬ್ಬಳೇ ಇದ್ದಳು.